ಬುಟ್ಟಿ ಎತ್ತಿಕೊಟ್ಟ ಕೈ

ಶ್ರೀರಾಂಪುರದ ಎರಡನೇ ಹಂತದ ಆ ಮನೆಯಲ್ಲಿ ಹಾಲ್ ಅಂತ ಇರುವುದು ಒಂದೇ. ಆ ವರ್ಷದ ಆಷಾಢದಲ್ಲಿ ಅದರ ನೆಲಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಒಬ್ಬಳು ಅತ್ತೆ ದೇವಿರಮ್ಮ, ಸೌತೆಕಾಯಿಯವಳು. ಇನ್ನೊಬ್ಬಳು ಸೊಸೆ ಕೀರ್ತಿ, ಚಿತ್ರದವಳು.

ದೇವಿರಮ್ಮ ಇಪ್ಪತ್ತೆರಡು ವರ್ಷದಿಂದ ಚಾಮುಂಡಿ ಬೆಟ್ಟದ ಮುನ್ನೂರನೇ ಮೆಟ್ಟಿಲ ಹತ್ತಿರ, ಒಂದು ಮರದ ನೆರಳಲ್ಲಿ ಸೌತೆಕಾಯಿ ಮತ್ತು ಮಜ್ಜಿಗೆ ಮಾರುತ್ತಿದ್ದಳು. ಅಲ್ಲಿಗೆ ಗಾಡಿ ಹೋಗುವುದಿಲ್ಲ. ಏನಿದ್ದರೂ ಬೆಟ್ಟದ ಪಾದದಿಂದ ತಲೆಯ ಮೇಲೇ ಹೋಗಬೇಕು. ಆಷಾಢದ ನಾಲ್ಕು ಶುಕ್ರವಾರ ಅವಳಿಗೆ ಸುಗ್ಗಿ. ಗುರುವಾರ ಸಂಜೆಯಾಯಿತೆಂದರೆ ಹಾಲ್‌ನಲ್ಲಿ ಗೋಣಿಚೀಲ ಹಾಸಿ, ತೊಳೆದ ಸೌತೆಕಾಯಿ ಹರಡುತ್ತಿದ್ದಳು.

ಕೀರ್ತಿ ರಾಮಕೃಷ್ಣನಗರದ ಒಂದು ಶಾಲೆಯಲ್ಲಿ ಯುಕೆಜಿ ಮಿಸ್. ಮಕ್ಕಳಿಗೊಂದು ಚಿತ್ರಪುಸ್ತಕ ಮಾಡಬೇಕು, ಅದರ ಮೇಲೆ ತನ್ನ ಹೆಸರಿರಬೇಕು ಅನ್ನುವುದು ಅವಳ ಹತ್ತು ವರ್ಷದ ಆಸೆ. ಮೂವರು ಪ್ರಕಾಶಕರು 'ಮುಂದಿನ ವರ್ಷ ನೋಡೋಣ' ಅಂದಿದ್ದರು. ಆ ಮಾತಿಗೆ ಏನರ್ಥ ಅನ್ನುವುದನ್ನು ಅವಳು ಮೂರು ಸಲ ಕಲಿತಿದ್ದಳು. ನಾಲ್ಕನೆಯವನು ವಾಗೀಶ, ಸರಸ್ವತಿಪುರಂನಲ್ಲಿ ಚಿಕ್ಕದೊಂದು ಪ್ರಕಾಶನ ನಡೆಸುವವನು, ಹೂಂ ಅಂದುಬಿಟ್ಟ. ಆದರೆ ಆಷಾಢ ಮುಗಿಯುವುದರೊಳಗೆ ಹದಿನಾಲ್ಕು ಚಿತ್ರ ಕೈಗೆ ಬರಬೇಕು. ಶ್ರಾವಣದಲ್ಲಿ ಮುದ್ರಣ, ದಸರಾಗೆ ಪುಸ್ತಕ. ತಪ್ಪಿದರೆ ಮುಂದಿನ ವರ್ಷ ನೋಡೋಣ.

ಕೀರ್ತಿ ಅವತ್ತೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದಳು.

"ನೋಡಿ, ನನ್ನ ಪುಸ್ತಕದಿಂದ ಯಾರಿಗೂ ತೊಂದರೆ ಆಗಲ್ಲ. ಮನೆಕೆಲಸ ಒಂದೂ ನಿಲ್ಲಲ್ಲ. ಎಲ್ಲ ನಾನೇ ನಿಭಾಯಿಸ್ತೀನಿ."

ಇಂಥ ಮಾತನ್ನು ಮನೆಯವರು ಬಹಳ ಬೇಗ ನಂಬುತ್ತಾರೆ. ಗಂಡ ಸಂಜಯ್ ವೈರಿಂಗ್ ಕೆಲಸದವನು. "ನಿನ್ನ ಕೈಲಿ ಆಗುತ್ತೆ ಬಿಡು" ಅಂದು ಟಿವಿ ಹಾಕಿದ. ಮಾವ ಮಹದೇವಯ್ಯ ತಲೆ ಆಡಿಸಿದ. ಆತ ಮದುವೆ ಅಡುಗೆಯವರ ತಂಡದಲ್ಲಿ ಮೂವತ್ತು ವರ್ಷ ದುಡಿದು ಕೂತವನು. ಸಾವಿರ ಎಲೆಗೆ ಬೇಯಿಸಿದ ಆಸಾಮಿಗೆ ಸ್ವಂತ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿರಲಿಲ್ಲ.

ಮೊದಲನೇ ವಾರ ಎಲ್ಲ ಸರಿಯಾಗೇ ನಡೆಯಿತು. ಕೀರ್ತಿ ನಾಲ್ಕೂವರೆಗೆ ಎದ್ದು ತಿಂಡಿ, ಡಬ್ಬಿ ಮುಗಿಸಿ ಶಾಲೆಗೆ ಹೋಗುವಳು. ಮೂರೂವರೆಗೆ ಬಂದು ಪಾತ್ರೆ ತೊಳೆದು, ಬಟ್ಟೆ ಮಡಿಸಿ, ಐದರಿಂದ ಏಳರವರೆಗೆ ಬಣ್ಣ ಹಚ್ಚುವಳು. ಒಂದು ದಿನ ರಾತ್ರಿ ಊಟಕ್ಕೆ ಕೂತಾಗ ಎಂಟು ವರ್ಷದ ಮಗಳು ಸಿಂಚನ, ಅಮ್ಮ ಬರೆದಿದ್ದನ್ನು ಎಲ್ಲರಿಗೂ ಓದಿ ಹೇಳಿದಳು. 'ಚಿನ್ನಿಯ ಸಾವಿರ ಮೆಟ್ಟಿಲು' ಅಂತ ಹೆಸರು. ಬೆಟ್ಟದ ಮೇಲೆ ನಿಂತು ಇಡೀ ಮೈಸೂರು ನೋಡಬೇಕು, ಅದರಾಚೆ ಏನಿದೆಯೋ ಅದನ್ನೂ ನೋಡಬೇಕು ಅಂತ ಕನಸು ಕಾಣುವ ಹುಡುಗಿಯ ಕಥೆ. ಅವಳ ಅಮ್ಮ ಸೌತೆಕಾಯಿ ಮಾರುವವಳು.

"'ಅಮ್ಮನಿಗೆ ಜ್ವರ. ಚಿನ್ನಿ ತಾನೇ ಬುಟ್ಟಿ ತುಂಬಿದಳು. ತಾನೇ ತಲೆಯ ಮೇಲೆ ಎತ್ತಿಕೊಂಡಳು. ಸಾವಿರ ಮೆಟ್ಟಿಲು ಹತ್ತಿದಳು. ಯಾರ ಸಹಾಯವೂ ಇಲ್ಲದೆ. ಒಬ್ಬಳೇ.'"

"ಚೆನ್ನಾಗದೆ," ಅಂದ ಮಹದೇವಯ್ಯ, ಸಾರಿಗೆ ತಟ್ಟೆ ಒಡ್ಡುತ್ತ.

ದೇವಿರಮ್ಮ ಮುರಿದ ಮುದ್ದೆಯನ್ನು ಕೈಯಲ್ಲೇ ಹಿಡಿದಿದ್ದಳು. "ಇನ್ನೊಂದ್ ಸಲ ಓದವ್ವ. ಬುಟ್ಟಿ ಎಂಗೆ ಎತ್ಕಂಡ್ಲು ಅಂದೆ?"

"ತಾನೇ ಎತ್ತಿಕೊಂಡಳು ಅಜ್ಜಿ."

"ಅಂಗೆಲ್ಲ ಆಗಕಿಲ್ಲ ಕಣಮ್ಮ. ತುಂಬಿದ ಬುಟ್ಟೀನ ಯಾರೂ ತಾನೇ ತಲೆ ಮ್ಯಾಲೆ ಎತ್ಕಳಕಾಗಕಿಲ್ಲ. ಯಾರಾರ ಎತ್ಕೊಡ್ಬೇಕು. ಇಳಿಸೋಕೂ ಒಬ್ರು ಬೇಕು."

ಕೀರ್ತಿ ನಕ್ಕಳು. "ಅತ್ತೆ, ಇದು ಮಕ್ಕಳ ಕಥೆ."

"ಮಕ್ಳಿಗೆ ಅಂತ ಸುಳ್ಳು ಏಳ್ತೀಯಾ?"

"ಸುಳ್ಳಲ್ಲ ಅತ್ತೆ. ಛಲ ಬಿಡಬಾರದು, ಯಾರಿಗೂ ಕಾಯಬಾರದು ಅಂತ ಹೇಳೋದಕ್ಕೆ ಬರೆದಿರೋದು. ವಾಗೀಶ ಸರ್‌ಗೆ ಆ 'ಒಬ್ಬಳೇ' ಅನ್ನೋ ಮಾತೇ ತುಂಬಾ ಇಷ್ಟವಾಗಿದೆ. ಪುಸ್ತಕದ ಹಿಂದೆ ಅದನ್ನೇ ಹಾಕ್ತಾರಂತೆ."

"ಅವರು ಯಾವತ್ತಾರ ಬುಟ್ಟಿ ಹೊತ್ತವ್ರಾ?"

ಕೀರ್ತಿಗೆ ರೇಗಿತು. ಒಂಬತ್ತು ವರ್ಷದಿಂದ ಈ ಮನೆಯಲ್ಲಿ ತಾನು ಹೊತ್ತಿದ್ದು ಯಾವ ಬುಟ್ಟಿಗೆ ಕಮ್ಮಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ನುಂಗಿಕೊಂಡಿದ್ದೇ ತಪ್ಪಾಯಿತು. ಆಡಿ ಮುಗಿಸಿದ ಜಗಳ ಬೆಳಗಾಗುವುದರೊಳಗೆ ಹಳೆಯದಾಗುತ್ತದೆ, ನುಂಗಿದ್ದು ವಾರಗಟ್ಟಲೆ ಹುಳಿಯುತ್ತದೆ.

ಎರಡನೇ ವಾರ ಅದು ಹುಳಿಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸಿಂಚನಳ ಸಮವಸ್ತ್ರ ಒಣಗದೆ ಒದ್ದೆಯಲ್ಲೇ ಹೋಯಿತು. ಸಂಜಯ್ ಡಬ್ಬಿ ತೆರೆದು ನೋಡಿದರೆ ಬರೀ ಅನ್ನ, ಪಲ್ಯವೇ ಇಲ್ಲ.

"ಈ ವರ್ಷ ಬೇಡ ಅಂದ್ಬಿಡು ಅವರಿಗೆ," ಅಂದ ಅವನು ಬುಧವಾರ ಸಂಜೆ.

"ಯಾಕೆ? ನಿಮಗೇನು ತೊಂದರೆಯಾಯ್ತು?"

"ನನಗಲ್ಲ ಕಣೇ, ನಿನಗೇ. ಕನ್ನಡಿ ನೋಡ್ಕೋ."

"ಒಂದು ದಿನ ನೀವು ಪಾತ್ರೆ ತೊಳೆದಿದ್ರೆ ನಾನು ಕನ್ನಡಿ ನೋಡ್ಕೊತಿದ್ದೆ."

"ಎಲ್ಲ ನಾನೇ ನಿಭಾಯಿಸ್ತೀನಿ ಅಂದೋಳು ಯಾರು? ಕೇಳಿದ್ರೆ ತಾನೇ ಮಾಡೋದು!"

"ಕೇಳಬೇಕಾ? ಕಣ್ಣು ಕಾಣಲ್ವಾ?"

ಅಲ್ಲಿಗೆ ಮಹದೇವಯ್ಯ ಟಿವಿ ಧ್ವನಿ ಜಾಸ್ತಿ ಮಾಡಿದ. ಆ ಮನೆಯಲ್ಲಿ ಜಗಳ ನಿಲ್ಲಿಸುವ ಕ್ರಮ ಅದು.

ಎರಡನೇ ಶುಕ್ರವಾರ ಬೆಳಗ್ಗೆ ಐದು ಗಂಟೆ. ದೇವಿರಮ್ಮನ ಬುಟ್ಟಿ ಹಾಲ್‌ನ ಬಾಗಿಲ ಬಳಿ ಸಿದ್ಧವಾಗಿತ್ತು. ಕೆಳಗೆ ಸೌತೆಕಾಯಿ, ಮೇಲೆ ಶುಂಠಿ, ಕೊತ್ತಂಬರಿ ಹಾಕಿದ ಮಜ್ಜಿಗೆಯ ಸ್ಟೀಲ್ ಕ್ಯಾನು. ಆಚೆ ಗೋಡೆಯ ಪಕ್ಕ ನೆಲದ ಮೇಲೆ ಕೀರ್ತಿಯ ಹನ್ನೊಂದು ಚಿತ್ರ ಆರುತ್ತಿದ್ದವು. ದೇವಿರಮ್ಮ ಸ್ನಾನಕ್ಕೆ ಹೋಗಿದ್ದಳು. ಸಂಜಯ್ ಗೇಟಿನಾಚೆ ಸ್ಕೂಟರ್ ಒರೆಸುತ್ತಿದ್ದ.

ಕೀರ್ತಿಗೆ ಉಳಿದಿದ್ದು ಮೂರು ಚಿತ್ರ. ಅದರಲ್ಲಿ ಒಂದು, ಚಿನ್ನಿ ಬುಟ್ಟಿ ಎತ್ತಿಕೊಳ್ಳುವುದು. ನಾಲ್ಕು ದಿನದಿಂದ ಕೈ ಎಲ್ಲಿಡಬೇಕು, ಮೊಣಕಾಲು ಎಲ್ಲಿರಬೇಕು ಅಂತ ತಿಳಿಯದೆ ಅಳಿಸಿ ಅಳಿಸಿ ಹಾಳೆ ಹರಿದಿತ್ತು. ಅವಳು ಬುಟ್ಟಿ ನೋಡಿದಳು. ನಾನೇ ಎತ್ತಿ ನೋಡಿದರೆ ಗೊತ್ತಾಗಿ ಹೋಗುತ್ತದೆ, ಅತ್ತೆಗೂ ತೋರಿಸಿದ ಹಾಗಾಗುತ್ತದೆ ಅಂದುಕೊಂಡಳು.

ಸೆರಗು ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು, ಬುಟ್ಟಿಯನ್ನು ಮೊಣಕಾಲಿಗೆ ತಂದಳು. ಮೊಣಕಾಲಿಂದ ಎದೆಗೆ ತಂದಳು. ಅಲ್ಲಿ ನಿಂತಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಕ್ಯಾನು ವಾಲತೊಡಗಿತು. ಸಂಜಯ್ ಹತ್ತು ಹೆಜ್ಜೆ ದೂರದಲ್ಲಿದ್ದ. 'ರೀ' ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

ಸದ್ದಿಗೆ ಇಡೀ ಮನೆ ಓಡಿಬಂತು. ಹದಿನೈದು ಲೀಟರ್ ಮಜ್ಜಿಗೆ ಹಾಲ್ ತುಂಬಾ ಹರಿದು ಗೋಡೆಯವರೆಗೂ ಹೋಗಿತ್ತು. ಸಿಂಚನ ಚಿತ್ರಗಳನ್ನು ಎತ್ತಿ ಎತ್ತಿ ಸೋಫಾದ ಮೇಲೆ ಹಾಕಿದಳು. ಏಳು ಉಳಿದವು. ನಾಲ್ಕು ಚಿತ್ರದಲ್ಲಿ ಬೆಟ್ಟ, ಮರ, ಚಿನ್ನಿ ಎಲ್ಲ ಕರಗಿ ಒಂದಾಗಿ, ಮೇಲೆ ಕೊತ್ತಂಬರಿ ಸೊಪ್ಪು ಅಂಟಿಕೊಂಡಿತ್ತು.

"ಅಯ್ಯೋ, ನನ್ ಶುಕ್ರವಾರ ಹೋಯ್ತಲ್ಲೋ," ಅಂದಳು ದೇವಿರಮ್ಮ. ಆಮೇಲೆ ಸೊಸೆಯ ಮುಖ ನೋಡಿದಳು. "ಏಟಾಯ್ತಾ ಕಾಲ್ಗೆ?"

ಕೀರ್ತಿ ಒದ್ದೆ ನೆಲದಲ್ಲೇ ಕೂತು ಅತ್ತಳು. ಹತ್ತು ವರ್ಷದ ಆಸೆಗೆ ಅಳುವಷ್ಟು ಅತ್ತಳು. "ವಾಗೀಶ ಸರ್‌ಗೆ ಫೋನ್ ಮಾಡಿ ಆಗಲ್ಲ ಅಂತೀನಿ. ಇನ್ನು ಹದಿಮೂರು ದಿನಕ್ಕೆ ಏಳು ಚಿತ್ರ ಆಗಲ್ಲ."

"ಫೋನ್ ಆಮ್ಯಾಕೆ ಮಾಡುವೆಯಂತೆ," ಅಂದಳು ದೇವಿರಮ್ಮ, ಸೌತೆಕಾಯಿ ಆರಿಸಿ ಬುಟ್ಟಿಗೆ ಹಾಕುತ್ತ. "ಭಾನುವಾರ ನನ್ ಜೊತೆ ಬೆಟ್ಟಕ್ಕೆ ಬಾ."

"ಚಿತ್ರ ಬರೀಬೇಕಲ್ಲ ಅತ್ತೆ!"

"ಈಗ್ತಾನೆ ಆಗಕಿಲ್ಲ ಅಂದೆ. ಬರಿಯೋದಾದ್ರೂ ಯಾವುದ ಬರೀತೀಯ, ನೋಡ್ದೇ ಇರೋದ್ನ?"

ಸತ್ಯ ಏನೆಂದರೆ, ಕೀರ್ತಿ ಮದುವೆಯಾಗಿ ಬಂದ ಮೇಲೆ ಎಷ್ಟೋ ಸಲ ಬೆಟ್ಟಕ್ಕೆ ಹೋಗಿದ್ದಳು, ಎಲ್ಲ ಸಲವೂ ಬಸ್ಸಿನಲ್ಲೇ. ಅತ್ತೆ ಕೂರುವ ಮರ ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಮಾತ್ರ ಆ ಮರಕ್ಕೆ ಕೆಂಪು ಹೂವು ಬಿಡಿಸಿದ್ದಳು.

ಭಾನುವಾರ ಬೆಳಗ್ಗೆ ಬೆಟ್ಟದ ಪಾದದಲ್ಲಿ ಸಂಜಯ್ ಇಬ್ಬರ ತಲೆಗೂ ಬುಟ್ಟಿ ಎತ್ತಿಟ್ಟ. ದೇವಿರಮ್ಮನಿಗೆ ದೊಡ್ಡದು, ಕೀರ್ತಿಗೆ ಚಿಕ್ಕದು. ಹಳೇ ಸೀರೆಯ ಸಿಂಬೆ ಸುತ್ತಿ ಅದರ ಮೇಲೆ ಬುಟ್ಟಿ ಕೂರಿಸಿದರೂ ಐವತ್ತು ಮೆಟ್ಟಿಲಿಗೆ ಕೀರ್ತಿಯ ಕತ್ತು ಕಟ್ಟಿಗೆಯಾಯಿತು. ಅತ್ತೆ ಮಾತಾಡುತ್ತಲೇ ಹತ್ತುತ್ತಿದ್ದಳು. ನೂರಿಪ್ಪತ್ತನೇ ಮೆಟ್ಟಿಲ ಹತ್ತಿರ ನಿಂತು, ಇಳಿದು ಬರುತ್ತಿದ್ದ ಟ್ರ್ಯಾಕ್ ಪ್ಯಾಂಟಿನವನಿಗೆ ಹೇಳಿದಳು.

"ಅಪ್ಪಾ, ಒಸಿ ಕೈ ಕೊಡು."

ಅವನು ಕಿವಿಯ ಇಯರ್‌ಫೋನ್ ಕೂಡ ತೆಗೆಯದೆ ಎರಡು ಬುಟ್ಟಿ ಇಳಿಸಿಕೊಟ್ಟು ಹೋದ.

"ಗೊತ್ತಿರೋರಾ ಅತ್ತೆ?"

"ಯಾರೋ ಏನೋ. ದಿನಾ ಒಬ್ಬೊಬ್ರು. ಡಾಕ್ಟ್ರು ಎತ್ಕೊಟ್ಟವ್ರೆ, ಪೋಲೀಸ್ನೋರು ಎತ್ಕೊಟ್ಟವ್ರೆ, ಕಾಲೇಜ್ ಹುಡ್ಗೀರು ಇಬ್ಬಿಬ್ರು ಸೇರ್ಕಂಡು ಎತ್ಕೊಟ್ಟವ್ರೆ. ಇಪ್ಪತ್ತೆರಡು ವರ್ಸದಲ್ಲಿ ಒಬ್ರಾದ್ರೂ ಆಗಕಿಲ್ಲ ಅಂದಿಲ್ಲ ಕಣಮ್ಮ."

"ಕೇಳೋಕೆ ಒಂಥರಾ ಅನ್ಸಲ್ವಾ?"

"ಮೊದ್ಲು ಅನ್ಸೋದು. ಯಾರ್ನೂ ಕೇಳ್ದೆ ಒಂದಿನ ಸಂಜೆ ಗಂಟ ಇಲ್ಲೇ ಕೂತಿದ್ದೆ. ಸೌತೆಕಾಯಿ ಬಾಡೋಯ್ತು, ನನ್ ಬಿಗುಮಾನ ಬಾಡ್ಲಿಲ್ಲ. ಆವತ್ತು ಮಾರಿದ್ದು ಸೊನ್ನೆ." ದೇವಿರಮ್ಮ ನೀರು ಕುಡಿದು ಎದ್ದಳು. "ಈಗ ನೀನು ಕೇಳು."

"ನಾನಾ?"

"ನಂದು ನೀನು ಎತ್ಕೊಟ್ರೆ, ನಿಂದು ಯಾರು ಎತ್ಕೊಡ್ತಾರೆ? ಕೇಳು."

ದಿನಾ ನಲವತ್ತು ಮಕ್ಕಳಿಗೆ 'ಪ್ಲೀಸ್ ಅನ್ನಬೇಕು' ಅಂತ ಕಲಿಸುವ ಮಿಸ್ಸಿಗೆ ಬಾಯಿ ಬರಲಿಲ್ಲ. ಒಂದು ಸಂಸಾರ ದಾಟಿಹೋಯಿತು. ಇಬ್ಬರು ಮುದುಕರು ದಾಟಿಹೋದರು. ದೇವಿರಮ್ಮ ಸಹಾಯಕ್ಕೆ ಬರಲಿಲ್ಲ, ಹುಲ್ಲು ಕಿತ್ತು ಹಲ್ಲಿಗೆ ಸಿಕ್ಕಿಸಿಕೊಂಡು ಕೂತಳು. ಆಮೇಲೆ ಹರಕೆ ಹೊತ್ತ ಹೆಂಗಸೊಬ್ಬಳು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಬಂದಳು. ಅವಳ ಬೆವರು ನೋಡಿದರೆ ಅವಳೇ ಯಾರದಾದರೂ ಕೈ ಕೇಳಬೇಕಿತ್ತು.

"ಅಕ್ಕಾ," ಅಂದಳು ಕೀರ್ತಿ. "ಒಸಿ ಕೈ ಕೊಡ್ತೀರಾ?"

"ಕೈಯೆಲ್ಲ ಅರಿಶಿನ ಆಗಿದೆ ಕಣ್ರೀ."

"ಪರವಾಗಿಲ್ಲ."

ಕೀರ್ತಿ ಮೊದಲು ಅತ್ತೆಯ ಬುಟ್ಟಿ ಎತ್ತಿಕೊಟ್ಟಳು. ಆಮೇಲೆ ಆ ಹೆಂಗಸು ತಟ್ಟೆ ಪಕ್ಕಕ್ಕಿಟ್ಟು ಚಿಕ್ಕ ಬುಟ್ಟಿಯ ಒಂದು ಕಡೆ ಹಿಡಿದಳು. ಕೀರ್ತಿ ಇನ್ನೊಂದು ಕಡೆ ಹಿಡಿದಳು. ಎದೆಯ ಹತ್ತಿರ ಬಂದು ನಿಲ್ಲುತ್ತಿದ್ದ ಆ ಭಾರ, ಆ ಎರಡು ಕೈ ಸೇರಿದ್ದೇ ತಡ, ಸಲೀಸಾಗಿ ತಲೆಗೆ ಹೋಗಿ ಕೂತಿತು. ಕೈ ಎಲ್ಲಿಡಬೇಕು, ಮೊಣಕಾಲು ಎಲ್ಲಿರಬೇಕು ಅನ್ನುವುದೆಲ್ಲ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಮುನ್ನೂರನೇ ಮೆಟ್ಟಿಲಲ್ಲಿ ಬುಟ್ಟಿ ಇಳಿಸಿ ನೋಡಿದರೆ ಅದರ ಅಂಚಿನ ಮೇಲೆ ಹಳದಿ ಬೆರಳಿನ ಗುರುತು ಇತ್ತು. ಮರದಲ್ಲಿ ಕೆಂಪು ಹೂವಿರಲಿಲ್ಲ. ಅದೊಂದು ಹೊಂಗೆಮರ.

ಅವತ್ತು ರಾತ್ರಿ ಊಟದ ನಡುವೆ ಕೀರ್ತಿ ತಟ್ಟೆ ನೋಡಿಕೊಂಡೇ ಹೇಳಿದಳು.

"ಇನ್ನು ಹನ್ನೊಂದು ದಿನ ಅಡುಗೆ ನನ್ನಿಂದ ಆಗಲ್ಲ. ಪಾತ್ರೆಯೂ ಆಗಲ್ಲ. ಯಾರಾದ್ರೂ ಮಾಡಬೇಕು."

ಟಿವಿ ಧ್ವನಿ ಜಾಸ್ತಿ ಮಾಡಲು ಮಹದೇವಯ್ಯ ರಿಮೋಟ್ ಹುಡುಕಿದ. ಅದು ದೇವಿರಮ್ಮನ ಮಡಿಲಲ್ಲಿತ್ತು.

"ನಾನ್ ಮಾಡ್ತೀನಿ ಬುಡು," ಅಂದ ಆತ ಕೊನೆಗೆ. "ಉಪ್ಪು ಎಲ್ಲದೆ ಅಂತ ತೋರ್ಸಿ."

"ನಲವತ್ತು ವರ್ಸಕ್ಕೆ ಈ ಮಾತು ಬಂತು ನೋಡಿ ನಿಮ್ ಬಾಯಲ್ಲಿ," ಅಂದಳು ದೇವಿರಮ್ಮ.

"ನೀನು ಕೇಳಿದ್ದೇ ಇಲ್ವಲ್ಲ ದೇವೀರಿ."

ದೇವಿರಮ್ಮ ಎದ್ದು ಹೋಗಿ ಉಪ್ಪಿನ ಡಬ್ಬ ತಂದು ಗಂಡನ ಮುಂದಿಟ್ಟಳು. ದಾರಿಹೋಕರನ್ನೆಲ್ಲ ಕೇಳುವುದು ಕಲಿತವಳು ಮನೆಯಲ್ಲಿ ಕೇಳಲು ಮರೆತಿದ್ದಳೆಂದು ಕಾಣುತ್ತದೆ.

ಮಹದೇವಯ್ಯ ಅಡುಗೆಗೆ ನಿಂತ. ಆದರೆ ಆತನ ಕೈಯ ಅಳತೆಯೆಲ್ಲ ನೂರು ಎಲೆಯದು. ಮೊದಲ ದಿನ ಐದು ಜನಕ್ಕೆ ಒಂದು ಕೊಳದಪ್ಪಲೆ ಹುಳಿ ಆಯಿತು. ಸಿಂಚನ ಪಾತ್ರೆ ಹಿಡಿದು ಅಕ್ಕಪಕ್ಕದ ಆರು ಮನೆಗೆ ಹಂಚಿ ಬಂದಳು. ಎರಡನೇ ದಿನ ಮೂರು ಮನೆ, ಮೂರನೇ ದಿನ ಒಂದು. ನಾಲ್ಕನೇ ದಿನ ಸರಿಯಾಗಿ ಐದು ಜನಕ್ಕೆ ಆಯಿತು, ಆಗ ಪಕ್ಕದ ಮನೆಯ ಶಾಂತಾದೇವಿಯೇ ಬಂದು ಇವತ್ತು ಹುಳಿ ಇಲ್ವಾ ಅಂತ ವಿಚಾರಿಸಿಕೊಂಡು ಹೋದರು. ಪಾತ್ರೆ ಸಂಜಯ್‌ನ ಪಾಲಿಗೆ ಬಂತು. ಅವನು ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಎರಡು ಎಳೆ ವೈರ್ ಬಿಗಿದು, ಬಟ್ಟೆ ಕ್ಲಿಪ್ಪಿನಲ್ಲಿ ಚಿತ್ರ ನೇತುಹಾಕುವ ಏರ್ಪಾಡನ್ನೂ ಮಾಡಿದ.

"ಇನ್ನು ಕೆಳಗಡೆ ಸೌತೆಕಾಯಿ, ಮೇಲ್ಗಡೆ ಚಿತ್ರ," ಅಂದ. "ಮಜ್ಜಿಗೆ ಎಷ್ಟು ಚೆಲ್ಲಿದ್ರೂ ಮೇಲಕ್ಕೆ ಹಾರಲ್ಲ."

"ಇದನ್ನ ಮೊದಲೇ ಮಾಡಬಹುದಿತ್ತಲ್ರೀ?"

"ಕೇಳಿದ್ರೆ ತಾನೇ!" ಅಂದ ಸಂಜಯ್. ಈ ಸಲ ಇಬ್ಬರೂ ನಕ್ಕರು.

ಆಷಾಢದ ಕೊನೆಯ ಗುರುವಾರ ಸಂಜೆ ವಾಗೀಶ ತಾನೇ ಮನೆಗೆ ಬಂದ. ತಂತಿಯ ಮೇಲೆ ಹದಿನಾಲ್ಕು ಚಿತ್ರ ಸಾಲಾಗಿ ತೂಗುತ್ತಿದ್ದವು. ಆತ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ನೋಡುತ್ತ ಬಂದ. ಒಂಬತ್ತನೆಯದರ ಮುಂದೆ ನಿಂತ. ಅದರಲ್ಲಿ ಚಿನ್ನಿ ಬಾಯಿ ತೆರೆದು ಏನೋ ಕೇಳುತ್ತಿದ್ದಾಳೆ. ಬುಟ್ಟಿಯ ಅಂಚಿನ ಮೇಲೆ ಯಾರದೋ ಎರಡು ಹಳದಿ ಕೈ. ಕೈಯವರ ಮುಖ ಚಿತ್ರದಲ್ಲಿಲ್ಲ.

"ಚಿತ್ರ ಅದ್ಭುತವಾಗಿದೆ ಮೇಡಂ. ಆದರೆ 'ಒಬ್ಬಳೇ' ಎಲ್ಲಿ ಹೋಯ್ತು?"

"ತೆಗೆದೆ ಸರ್. 'ಒಸಿ ಕೈ ಕೊಡ್ತೀರಾ? ಚಿನ್ನಿ ಕೇಳಿದಳು' ಅಂತ ಬರೆದಿದ್ದೀನಿ."

"ಅಯ್ಯೋ, ಹಿಂಬದಿಗೆ ಅದೇ ಸಾಲು ಕೊಟ್ಟಾಗಿದೆ. ಮಕ್ಕಳಿಗೆ ಆತ್ಮವಿಶ್ವಾಸ ಬರಬೇಕಲ್ವಾ? ಇವಳು ಸಹಾಯ ಕೇಳ್ತಿದ್ದಾಳೆ. ಇದೊಂದು ಚಿತ್ರ ಬಿಟ್ಟು, ಮೊದಲಿನ ಸಾಲನ್ನೇ ಇಡೋಣ. ಇಲ್ಲದಿದ್ರೆ ಮತ್ತೆ ಎಲ್ಲ ಯೋಚನೆ ಮಾಡಬೇಕಾಗುತ್ತೆ, ಬೇಕಾದ್ರೆ ಮುಂದಿನ ವರ್ಷ..."

ಅಡುಗೆಮನೆಯಲ್ಲಿ ಮಹದೇವಯ್ಯನ ಸೌಟು ನಿಂತಿತು. ಸಂಜಯ್ ಹೆಂಡತಿಯ ಮುಖ ನೋಡಿದ. ಒಂದು ತಿಂಗಳ ಹಿಂದಿನ ಕೀರ್ತಿಯಾಗಿದ್ದರೆ ಆಗಲಿ ಸರ್ ಅಂದುಬಿಡುತ್ತಿದ್ದಳು. ಈಗ ಅವಳು ಬಾಗಿಲ ಬಳಿ ಕೈ ತೋರಿಸಿದಳು. ನಾಳೆಯ ಬುಟ್ಟಿ ಅಲ್ಲಿತ್ತು. ಮಜ್ಜಿಗೆ ಇನ್ನೂ ಹಾಕಿರಲಿಲ್ಲ, ಸೌತೆಕಾಯಿ ಮಾತ್ರ ತುಂಬಿತ್ತು.

"ಸರ್, ಆ ಬುಟ್ಟೀನ ತಲೆ ಮೇಲೆ ಇಟ್ಕೊಳ್ಳಿ. ಒಬ್ಬರೇ ಇಟ್ಕೊಂಡ್ರೆ ನಿಮ್ಮ ಸಾಲೇ ಇರಲಿ."

ವಾಗೀಶ ನಕ್ಕ. ಯಾರೂ ನಗದಿದ್ದುದನ್ನು ನೋಡಿ ಅಂಗಿಯ ತೋಳು ಮಡಿಸಿದ. ಬುಟ್ಟಿ ಮೊಣಕಾಲಿಗೆ ಬಂತು. ಮೊಣಕಾಲಿಂದ ಎದೆಗೆ ಬಂತು. ಅಲ್ಲಿ ನಿಂತಿತು. ಕನ್ನಡಕ ಮೂಗಿನ ತುದಿಗೆ ಜಾರಿತು. ಮೇಲಿದ್ದ ಒಂದು ಸೌತೆಕಾಯಿ ಉರುಳಿ ಆತನ ಕಾಲ ಮೇಲೆ ಬಿತ್ತು.

"ಕೇಳಿ ಅಂಕಲ್," ಅಂದಳು ಸಿಂಚನ ಮೆಲ್ಲಗೆ. "ಕೇಳಿದ್ರೆ ಎತ್ತಿಕೊಡ್ತಾರೆ."

"ಯಾರಾದ್ರೂ ಸ್ವಲ್ಪ ಹಿಡ್ಕೊಳ್ರೀ!" ಅಂದ ವಾಗೀಶ.

ದೇವಿರಮ್ಮ ಎದ್ದು ಹೋಗಿ ಹಿಡಿದಳು. ಇಳಿಸಲಿಲ್ಲ, ಎತ್ತಿ ಆತನ ತಲೆಯ ಮೇಲೇ ಇಟ್ಟಳು. ವಾಗೀಶ ಸೌತೆಕಾಯಿ ಬುಟ್ಟಿ ಹೊತ್ತು ಹಾಲ್‌ನ ನಡುವೆ ನಿಂತು ಇನ್ನೊಂದು ಸಲ ಒಂಬತ್ತನೇ ಚಿತ್ರ ನೋಡಿದ.

"ಹಿಂಬದಿ ಬದಲಾಯಿಸ್ತೀನಿ," ಅಂದ. "ಈಗ ಇಳಿಸೋಕೂ ಒಬ್ಬರು ಬೇಕಲ್ವಾ?"

"ಬೇಕು," ಅಂದಳು ದೇವಿರಮ್ಮ. "ಊಟ ಮಾಡ್ಕಂಡೇ ಓಗಿ. ಇವ್ರು ಇವತ್ತು ಮತ್ತೆ ನೂರೆಲೆಗೆ ಬೇಯ್ಸವ್ರೆ."

ದಸರಾಗೆ ಪುಸ್ತಕ ಬಂತು. ರಕ್ಷಾಪುಟದ ಮೇಲೆ ಕೀರ್ತಿಯ ಹೆಸರು ಬೆಟ್ಟಕ್ಕಿಂತ ಸ್ವಲ್ಪ ಕೆಳಗೆ, ಚಿನ್ನಿಗಿಂತ ಸ್ವಲ್ಪ ಮೇಲೆ ಇತ್ತು. ಸಂಜಯ್ ಅದರ ಫೋಟೋವನ್ನು ವೈರಿಂಗ್ ಗಿರಾಕಿಗಳಿಗೆಲ್ಲ ಕಳಿಸಿದ. ಕೀರ್ತಿ ಶಾಲೆಗೆ ಹತ್ತು ಪ್ರತಿ ಒಯ್ದಳು. ದೇವಿರಮ್ಮ ಮಾತ್ರ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬುಟ್ಟಿಯಲ್ಲಿ ಸೌತೆಕಾಯಿಯ ಪಕ್ಕಕ್ಕೆ ತುರುಕಿಕೊಂಡಳು.

"ಅದನ್ಯಾಕೆ ಅತ್ತೆ? ಅಲ್ಲಿ ಯಾರು ತಗೋತಾರೆ?"

"ಮಾರಕ್ಕಲ್ಲ ಸುಮ್ನಿರು."

ಶಾಲೆಗೆ ದಸರಾ ರಜೆ. ಕೀರ್ತಿಯೂ ಚಿಕ್ಕ ಬುಟ್ಟಿ ಹೊತ್ತು ಜೊತೆಗೆ ಬಂದಿದ್ದಳು. ನೂರಿಪ್ಪತ್ತನೇ ಮೆಟ್ಟಿಲಲ್ಲಿ ಸುಧಾರಿಸಿಕೊಂಡು ಎದ್ದಾಗ, ಆರೇಳು ವರ್ಷದ ಮಗಳ ಕೈ ಹಿಡಿದು ಒಬ್ಬಳು ಹೆಂಗಸು ಹತ್ತುತ್ತಿದ್ದಳು. ಹೆಗಲಲ್ಲಿ ಆಫೀಸಿಗೆ ಹೋಗುವವರ ಚೀಲ. ದೇವಿರಮ್ಮ ಕೇಳಿದಳು. ಆಕೆ ಚೀಲ ಹಿಂದಕ್ಕೆ ಸರಿಸಿ, ಅತ್ತೆಯದು ಒಂದು, ಸೊಸೆಯದು ಒಂದು, ಎರಡೂ ಬುಟ್ಟಿ ಎತ್ತಿಕೊಟ್ಟಳು.

"ಇರವ್ವ, ಓಗ್ಬೇಡ," ಅಂದಳು ದೇವಿರಮ್ಮ. ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಪುಸ್ತಕ ಎಳೆದು ಆ ಮಗುವಿಗೆ ಕೊಟ್ಟಳು. "ಅದ್ರಲ್ಲಿ ಒಂದ್ ಕಡೆ ಅಳದಿ ಕೈ ಅದೆ ನೋಡು ಮಗಾ."

ಮಗು ಪುಟ ತಿರುಗಿಸಿ ತಿರುಗಿಸಿ ಹುಡುಕಿತು. "ಸಿಕ್ತು!"

"ಅದು ಯಾರ ಕೈ ಏಳು ನೋಡುವ."

"ಗೊತ್ತಿಲ್ಲ ಅಜ್ಜಿ. ಮುಖಾನೇ ಇಲ್ಲ."

"ನಿಮ್ಮಮ್ಮಂದು," ಅಂದಳು ದೇವಿರಮ್ಮ.

ಮಗು ಚಿತ್ರ ನೋಡಿತು, ಅಮ್ಮನ ಕೈ ನೋಡಿತು, ಮತ್ತೆ ಚಿತ್ರ ನೋಡಿತು. ಪುಸ್ತಕವನ್ನು ವಾಪಸು ಕೊಡಲು ಅದಕ್ಕೆ ಮನಸ್ಸಿರಲಿಲ್ಲ, ದೇವಿರಮ್ಮನೂ ಕೇಳಲಿಲ್ಲ. ಅತ್ತೆ ಸೊಸೆ ಇಬ್ಬರೂ ಮೇಲಕ್ಕೆ ಹತ್ತಿದರು.